ಜಾಕೆಟ್ ಹಂಚಿದ್ದು ಸಾಕು, ಕಲಾಸಿಗಳನ್ನು ನೀರಿಗಿಳಿಸಿ

ಮೊದಲು ನನ್ನದೇ ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ.

ಎರಡು ವರ್ಷದ ಹಿಂದೆ ನಮ್ಮ ಕರಾವಳಿಯ ಒಂದು ಬಂದರಿನಲ್ಲಿ ‘ಮೀನುಗಾರರಿಗೆ ಸಮುದ್ರ ಸುರಕ್ಷತಾ ತರಬೇತಿ’ ನಡೆಯಿತು. ಸುದ್ದಿ ಬರೆದವನು ನಾನು. ಹತ್ತೂವರೆಗೆ ಎಂದಿದ್ದ ಕಾರ್ಯಕ್ರಮ ಶುರುವಾದದ್ದು ಹನ್ನೆರಡಕ್ಕೆ. ಪ್ರಾರ್ಥನೆ, ಸ್ವಾಗತ, ದೀಪ, ಶಾಲು, ಐದು ಭಾಷಣ. ಕೊನೆಗೆ ಹತ್ತು ಜನರನ್ನು ವೇದಿಕೆಗೆ ಕರೆದು ಪ್ಲಾಸ್ಟಿಕ್ ಕವರ್ ಬಿಚ್ಚದ ಲೈಫ್‌ಜಾಕೆಟ್ ಕೊಟ್ಟರು. ಫೋಟೋ ತೆಗೆದರು. ಊಟವಾಯಿತು. ಮರುದಿನ ಮೂರು ಕಾಲಂನಲ್ಲಿ ಸುದ್ದಿ ಬಂತು. ನನಗೆ ನನ್ನ ಸುದ್ದಿಯ ದುಡ್ಡು ಬಂತು.

ನಾನು ಬರೆಯದೆ ಬಿಟ್ಟದ್ದು ಇಷ್ಟು. ಶಾಮಿಯಾನದಿಂದ ನೂರು ಹೆಜ್ಜೆ ದೂರದ ದಕ್ಕೆಯಲ್ಲಿ ಒಂದು ಟ್ರಾಲ್ ಬೋಟಿಗೆ ಐಸ್ ತುಂಬಿಸುತ್ತಿದ್ದರು. ಎಂಟು ಕಲಾಸಿಗಳು. ಒಡಿಶಾದವರು, ಜಾರ್ಖಂಡಿನವರು. ಅವರಲ್ಲಿ ಒಬ್ಬ ಹುಡುಗ ನನ್ನ ಕ್ಯಾಮೆರಾ ನೋಡಿ, ಅಲ್ಲಿ ಏನು ನಡೆಯುತ್ತಿದೆ ಎಂದು ಹಿಂದಿಯಲ್ಲಿ ಕೇಳಿದ. ನಿಮಗೇ ತರಬೇತಿ ಕೊಡುತ್ತಿದ್ದಾರಪ್ಪ ಎಂದೆ. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು ನಕ್ಕ. ಈಜು ಬರುತ್ತದಾ ಎಂದು ಕೇಳಿದೆ. ಊರ ಕೆರೆಯಲ್ಲಿ ಸ್ವಲ್ಪ ಎಂದ. ಸಂಜೆ ಆ ಬೋಟು ಅಳಿವೆ ದಾಟಿ ಹೊರಟಿತು, ಹತ್ತು ದಿನದ ಮೀನುಗಾರಿಕೆಗೆ.

ಶಾಮಿಯಾನದ ಕೆಳಗೆ ಇದ್ದವರು ಬೋಟ್ ಮಾಲೀಕರು, ಸಂಘದ ಪದಾಧಿಕಾರಿಗಳು, ಅಧಿಕಾರಿಗಳು ಮತ್ತು ನಾವು ಪತ್ರಕರ್ತರು. ನಮ್ಮಲ್ಲಿ ಯಾರೂ ಆ ಸಂಜೆ ಸಮುದ್ರಕ್ಕೆ ಹೋಗುವವರಲ್ಲ. ಸಮುದ್ರಕ್ಕೆ ಹೋಗುವ ಎಂಟು ಜನರಿಗೆ ಕಾರ್ಯಕ್ರಮದ ಸುದ್ದಿಯೇ ಗೊತ್ತಿರಲಿಲ್ಲ. ಆದರೂ ನಾನು ‘ಮೀನುಗಾರರಿಗೆ ತರಬೇತಿ’ ಎಂದೇ ತಲೆಬರಹ ಕೊಟ್ಟೆ. ಈ ಲೇಖನ ಅದಕ್ಕೆ ನನ್ನ ತಪ್ಪುಕಾಣಿಕೆ.

ಕಡಲಿನ ಲೆಕ್ಕ

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ನಿಮಗೆ ನೆನಪಿರಬೇಕು. ಏಳು ಜನ. ಎರಡು ದಿನದ ಬಳಿಕ ಸಂಪರ್ಕ ಕಡಿಯಿತು. 2019ರ ಜನವರಿಯಲ್ಲಿ ಸಾವಿರಾರು ಮೀನುಗಾರರು ಉಡುಪಿಯಲ್ಲಿ ಹೆದ್ದಾರಿಗೆ ಇಳಿದರು. ಮೇ ತಿಂಗಳಲ್ಲಿ ನೌಕಾಪಡೆಯ ಹಡಗು ಮಹಾರಾಷ್ಟ್ರದ ಮಾಲ್ವಣದ ಆಚೆ, ಸುಮಾರು 60 ಮೀಟರ್ ಆಳದಲ್ಲಿ ಬೋಟಿನ ಅವಶೇಷ ಪತ್ತೆಹಚ್ಚಿತು. ಏಳು ಮನೆಗಳು ಇಂದಿಗೂ ಕಾದುಕೊಂಡೇ ಇವೆ.

2020ರ ನವೆಂಬರ್ 30ರ ಸಂಜೆ ಮಂಗಳೂರಿನ ಆಚೆ ‘ಶ್ರೀರಕ್ಷಾ’ ಪರ್ಸೀನ್ ಬೋಟು ಮಗುಚಿತು. ಆರು ಮಂದಿ ತೀರಿಕೊಂಡರು, ಉಳಿದವರು ಪಾರಾದರು.

2021ರ ಏಪ್ರಿಲ್ 13ರ ನಡುರಾತ್ರಿ ಮಂಗಳೂರಿನಿಂದ 40 ನಾಟಿಕಲ್ ಮೈಲಿಗೂ ಆಚೆ, ಕೇರಳದ ಬೇಪೂರಿನಿಂದ ಹೊರಟಿದ್ದ ‘ರಬಾ’ ಬೋಟು ಒಂದು ದೊಡ್ಡ ಸರಕು ಹಡಗಿಗೆ ಡಿಕ್ಕಿಯಾಯಿತು. ಬೋಟಿನಲ್ಲಿದ್ದವರು 14 ಮಂದಿ. ತಮಿಳುನಾಡಿನವರು, ಪಶ್ಚಿಮ ಬಂಗಾಳದವರು. ಜೀವಂತ ಸಿಕ್ಕವರು ಇಬ್ಬರೇ.

ತರಬೇತಿ ಇದ್ದಿದ್ದರೆ ಇವರೆಲ್ಲ ಬದುಕುತ್ತಿದ್ದರು ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳುವುದು ಸತ್ತವರಿಗೆ ಮಾಡುವ ಅನ್ಯಾಯ. ನಿದ್ದೆಯಲ್ಲಿದ್ದಾಗ ಹಡಗು ಬಂದು ಬಡಿದರೆ ಯಾವ ತರಬೇತಿಯೂ ಎಲ್ಲರನ್ನೂ ಕಾಯುವುದಿಲ್ಲ. ನಾನು ಕೇಳುತ್ತಿರುವುದು ಬೇರೆ ಪ್ರಶ್ನೆ. ಬೋಟು ಮಗುಚಿದ ಮೇಲೂ ಐದು ನಿಮಿಷ, ಅರ್ಧ ಗಂಟೆ, ಒಂದು ರಾತ್ರಿ ನೀರಿನಲ್ಲಿ ಜೀವ ಹಿಡಿದುಕೊಂಡಿರುವ ಮನುಷ್ಯನಿಗೆ ಆ ಹೊತ್ತಿನಲ್ಲಿ ಏನು ಮಾಡಬೇಕು ಎಂದು ನಾವು ಯಾವತ್ತಾದರೂ ಹೇಳಿಕೊಟ್ಟಿದ್ದೇವಾ?

ಇಷ್ಟೆಲ್ಲ ಆದ ಮೇಲೆ ಬಂದದ್ದು ಸುತ್ತೋಲೆ. ಲೈಫ್‌ಜಾಕೆಟ್ ಕಡ್ಡಾಯ. ಜಾಕೆಟ್ ಖರೀದಿಯಾಯಿತು, ಬಿಲ್ ಆಯಿತು, ಹಂಚಿಕೆಯಾಯಿತು. ಅಲ್ಲಿಗೆ ಕಡತ ಮುಚ್ಚಿತು.

ಜಾಕೆಟ್ ಎಲ್ಲಿದೆ?

ಯಾವ ಬಂದರಿಗಾದರೂ ಹೋಗಿ ಐದು ಬೋಟು ಹತ್ತಿ ನೋಡಿ. ಜಾಕೆಟ್ ಕೇಳಿ. ನನಗೆ ಸಿಕ್ಕ ಉತ್ತರ ಹೆಚ್ಚೂಕಡಿಮೆ ಒಂದೇ: ಕ್ಯಾಬಿನ್ ಒಳಗೆ, ಹಳೆ ಬಲೆಯ ಅಡಿಯಲ್ಲಿ. ಕೆಲವು ಕಡೆ ಕವರ್ ಸಮೇತ. ಒಂದು ಬೋಟಿನಲ್ಲಿ ಅದು ತಾಂಡೇಲರ ತಲೆದಿಂಬಾಗಿತ್ತು. ಬೋಟು ಮಗುಚುವುದು ನೋಟಿಸು ಕೊಟ್ಟು ಅಲ್ಲ. ಕ್ಯಾಬಿನ್ ತಲೆಕೆಳಗಾಗಿ ನೀರು ತುಂಬಿದ ಮೇಲೆ ಬಲೆಯ ಅಡಿಯ ಜಾಕೆಟ್ ತರಲು ಯಾರು ಹೋಗುತ್ತಾರೆ?

ಇನ್ನೊಂದು ಮಾತು. ಜಾಕೆಟ್ ಕೈಯಲ್ಲಿದ್ದರೂ ಹಾಕಿಕೊಳ್ಳಲು ಬರಬೇಕು. ಇದರಲ್ಲೇನಿದೆ, ಅಂಗಿ ಹಾಕಿದ ಹಾಗೆ ಎಂದು ನಾನೂ ಅಂದುಕೊಂಡಿದ್ದೆ. ಕಳೆದ ಬೇಸಿಗೆಯಲ್ಲಿ ಗೆಳೆಯನ ದೋಣಿಯಿಂದ ಹೊಳೆಗೆ ಹಾರಿ ನೋಡಿದೆ. ಕಾಲ ಸಂದಿಯಿಂದ ಕಟ್ಟುವ ಪಟ್ಟಿ ಕಟ್ಟಿರಲಿಲ್ಲ. ನೀರಿಗೆ ಬಿದ್ದ ಕ್ಷಣ ಜಾಕೆಟ್ ಸರ್ರನೆ ಮೇಲೆದ್ದು ಕಿವಿಗೆ ಬಂತು. ಗಲ್ಲ ಒಳಗೆ, ಮೂಗಲ್ಲಿ ನೀರು. ನನಗೆ ಈಜು ಬರುತ್ತದೆ, ಹೊಳೆ ಸಮಾಧಾನವಾಗಿತ್ತು, ಹಗಲು ಹೊತ್ತು, ಪಕ್ಕದಲ್ಲಿ ಗೆಳೆಯ. ಆದರೂ ಗಾಬರಿಯಾಯಿತು. ಎರಡನೇ ಸಲ ಪಟ್ಟಿ ಬಿಗಿದು, ಒಂದು ಕೈಯಲ್ಲಿ ಜಾಕೆಟ್ಟಿನ ಕೊರಳು ಕೆಳಕ್ಕೆ ಹಿಡಿದು, ಇನ್ನೊಂದು ಕೈಯಲ್ಲಿ ಮೂಗು ಮುಚ್ಚಿ, ಕಾಲು ಜೋಡಿಸಿ ಹಾರಿದೆ. ತೊಂದರೆಯೇ ಆಗಲಿಲ್ಲ. ಎರಡು ಹಾರಾಟದ ನಡುವಿನ ವ್ಯತ್ಯಾಸ ಹತ್ತು ನಿಮಿಷದ ಪಾಠ. ಆ ಹತ್ತು ನಿಮಿಷದ ಪಾಠ ಐದು ಭಾಷಣದಲ್ಲಿ ಇರಲಿಲ್ಲ.

ಒಂದೇ ಮನೆ, ಎರಡು ಜೀವ

ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಒಬ್ಬ ಮಗ ‘ಹಡಗಿಗೆ’ ಹೋಗಿದ್ದಾನೆ, ಇನ್ನೊಬ್ಬ ಬೋಟಿಗೆ. ಹಡಗಿಗೆ ಹೋಗುವವನು ಮೊದಲ ಸಲ ಹಡಗು ಹತ್ತುವ ಮುಂಚೆಯೇ ಸುರಕ್ಷತಾ ಕೋರ್ಸ್ ಮುಗಿಸಿರಬೇಕು. ಜಾಕೆಟ್ ಹಾಕಿಕೊಂಡು ಕೊಳಕ್ಕೆ ಹಾರುತ್ತಾನೆ, ತಲೆಕೆಳಗಾದ ಲೈಫ್‌ರ‍್ಯಾಫ್ಟ್ ನೆಟ್ಟಗೆ ಮಾಡುತ್ತಾನೆ, ಬೆಂಕಿ ಆರಿಸುತ್ತಾನೆ, ಪ್ರಥಮ ಚಿಕಿತ್ಸೆ ಕಲಿಯುತ್ತಾನೆ. ಸರ್ಟಿಫಿಕೇಟ್ ಇಲ್ಲದೆ ಹಡಗು ಹತ್ತಿಸಿಕೊಳ್ಳುವುದಿಲ್ಲ.

ಅವನ ತಮ್ಮ ಬೋಟಿಗೆ ಹೋಗುತ್ತಾನೆ. ಹಡಗಿಗಿಂತ ಎಷ್ಟೋ ಚಿಕ್ಕದು, ಅಲೆಗೆ ಎಷ್ಟೋ ಹತ್ತಿರ. ಓಡುವ ವಿಂಚ್, ಜಾರುವ ಡೆಕ್, ಕಾಲಿಗೆ ಸುತ್ತಿಕೊಳ್ಳುವ ಹಗ್ಗ. ಅವನಿಗೆ ಏನೂ ಇಲ್ಲ. ಒಂದೇ ತಾಯಿಯ ಮಕ್ಕಳು, ಒಂದೇ ಕಡಲು. ಒಬ್ಬನ ಜೀವಕ್ಕೆ ಪಾಠ, ಇನ್ನೊಬ್ಬನ ಜೀವಕ್ಕೆ ಹರಕೆ.

ಮೀನುಗಾರಿಕಾ ಹಡಗಿನವರಿಗೆ ಇಂಥ ನಿಯಮ ಮಾಡಲಾಗುವುದಿಲ್ಲ ಎನ್ನಬೇಡಿ. ಅಂತರರಾಷ್ಟ್ರೀಯ ಕಡಲ ಸಂಸ್ಥೆ 1995ರಲ್ಲೇ ಮೀನುಗಾರಿಕಾ ಹಡಗುಗಳ ಸಿಬ್ಬಂದಿ ತರಬೇತಿಗೆಂದೇ ಒಂದು ಒಪ್ಪಂದ ರೂಪಿಸಿತು. 2012ರಲ್ಲಿ ಅದು ಜಾರಿಗೆ ಬಂತು. ಕೆಲಸಕ್ಕೆ ಸೇರುವ ಮೊದಲೇ ಜಾಕೆಟ್ ಬಳಕೆ, ನೀರಿನಲ್ಲಿ ಬದುಕುವುದು, ಬೆಂಕಿ, ತುರ್ತು ಕ್ರಮ, ಪ್ರಥಮ ಚಿಕಿತ್ಸೆ ಕಲಿತಿರಬೇಕು ಎಂದು ಅದರಲ್ಲಿದೆ.

ಐಸ್‌ಲ್ಯಾಂಡ್ ಎಂಬ ಪುಟ್ಟ ದೇಶವಿದೆ. ಮೀನೇ ಅದರ ಅನ್ನ. ಒಂದು ಕಾಲದಲ್ಲಿ ಅಲ್ಲಿಯೂ ವರ್ಷ ವರ್ಷ ಮೀನುಗಾರರು ಸಾಯುತ್ತಿದ್ದರು, ಊರು ಅಳುತ್ತಿತ್ತು, ಹಣೆಬರಹ ಎನ್ನುತ್ತಿತ್ತು. 1985ರಲ್ಲಿ ಒಂದು ಹಳೆ ಹಡಗನ್ನೇ ಶಾಲೆ ಮಾಡಿದರು. ಶಾಲೆಯೇ ಊರಿಂದ ಊರಿಗೆ, ಬಂದರಿನಿಂದ ಬಂದರಿಗೆ ಹೋಯಿತು. ಮುಂದೆ ಆ ಪಾಠವನ್ನು ಕಡ್ಡಾಯ ಮಾಡಿದರು. 2008ರಲ್ಲಿ ಇಡೀ ವರ್ಷ ಅಲ್ಲಿನ ಒಬ್ಬ ಕಡಲ ಕಾರ್ಮಿಕನೂ ಸಮುದ್ರದಲ್ಲಿ ಸಾಯಲಿಲ್ಲ. ಹಡಗುಗಳ ಗುಣಮಟ್ಟ, ಹವಾಮಾನದ ಮಾಹಿತಿ ಸುಧಾರಿಸಿದ್ದೂ ಕಾರಣ, ಬರೀ ಪಾಠವಲ್ಲ. ಆದರೆ ಪಾಠ ಬಿಟ್ಟು ಅಲ್ಲ. ಅಲ್ಲಿನ ನೀರು ಮಂಜುಗಡ್ಡೆಯ ಹಾಗೆ. ನಮ್ಮ ಅರಬ್ಬಿ ಸಮುದ್ರ ಬೆಚ್ಚಗಿದೆ. ಬಿದ್ದವನಿಗೆ ಇಲ್ಲಿ ಬದುಕಲು ಹೆಚ್ಚು ಹೊತ್ತು ಸಿಗುತ್ತದೆ. ಆ ಹೊತ್ತನ್ನು ಬಳಸುವುದು ಹೇಗೆಂದು ನಾವು ಕಲಿಸಿಲ್ಲ.

ದೂರದ ಮಾತು ಬೇಡವೆಂದರೆ ಪಕ್ಕದ ಕೇರಳ ನೋಡಿ. 2017ರ ಓಖಿ ಚಂಡಮಾರುತದಲ್ಲಿ ಅಪಾರ ಜೀವ ಕಳೆದುಕೊಂಡ ರಾಜ್ಯವದು. ಅಲ್ಲಿ ಮೀನುಗಾರ ಯುವಕರನ್ನೇ ಆರಿಸಿ, ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಲ್ಲಿ ತರಬೇತಿ ಕೊಡಿಸಿ ಕಡಲ ರಕ್ಷಣಾ ತಂಡಗಳನ್ನು ಕಟ್ಟಿದರು. ಗೋವಾ ಕಾರವಾರದ ಪಕ್ಕದಲ್ಲೇ ಇದೆ.

ಏನು ಕಲಿಸಬೇಕು?

ದೊಡ್ಡ ಕೋರ್ಸ್ ಬೇಡ. ಎರಡು ದಿನ ಸಾಕು, ಆದರೆ ಒಂದು ದಿನ ಪೂರ್ತಿ ನೀರಿನಲ್ಲಿ. ಬಂದರಿನ ಹಿನ್ನೀರು ಇದೆ, ಹೊಳೆ ಇದೆ, ಉಡುಪಿ ಅಜ್ಜರಕಾಡಿನಲ್ಲಿ ಈಜುಕೊಳ ಇದೆ. ನನ್ನ ಪಟ್ಟಿ ಇದು. ತಾಂಡೇಲರು, ಕಲಾಸಿಗಳು, ರಕ್ಷಣಾ ಕೆಲಸ ಮಾಡಿದವರ ಜೊತೆ ಮಾತಾಡಿ ಮಾಡಿಕೊಂಡದ್ದು.

ಒಂದು, ಜಾಕೆಟ್. ಒಂದು ನಿಮಿಷದೊಳಗೆ ಹಾಕಿಕೊಳ್ಳಬೇಕು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡೂ ಹಾಕಬೇಕು, ಯಾಕೆಂದರೆ ಅವಘಡ ರಾತ್ರಿಯೂ ಆಗುತ್ತದೆ. ನೀರಿನೊಳಗೆ ಇದ್ದುಕೊಂಡೂ ಹಾಕಬೇಕು. ಸೀಟಿ ಎಲ್ಲಿದೆ, ದೀಪ ಎಲ್ಲಿದೆ ಎಂದು ಕೈಗೆ ಗೊತ್ತಿರಬೇಕು.

ಎರಡು, ನೀರಿನಲ್ಲಿ ಇರುವುದು. ದಡ ಕಾಣುತ್ತದೆ ಎಂದು ಈಜಿ ಹೊರಡುವವನು ಮೊದಲು ಸೋಲುತ್ತಾನೆ. ಮಗುಚಿದ ಬೋಟು ತೇಲುತ್ತಿದ್ದರೆ ಅದನ್ನೇ ಹಿಡಿದುಕೊಂಡಿರಬೇಕು. ಹುಡುಕುವವರಿಗೆ ಬೋಟು ಕಾಣುತ್ತದೆ, ಒಂಟಿ ತಲೆ ಕಾಣುವುದಿಲ್ಲ. ಎಲ್ಲರೂ ತೋಳಿಗೆ ತೋಳು ಕೊಟ್ಟು ಗುಂಪಾಗಬೇಕು, ಬಲಹೀನರು ನಡುವೆ. ಕ್ಯಾನ್, ಬಲೆಯ ತೇಲುಬೆಂಡು, ಥರ್ಮಾಕೋಲ್ ಪೆಟ್ಟಿಗೆ, ತೇಲುವ ಏನೇ ಇದ್ದರೂ ಹಿಡಿಯಬೇಕು. ಎಷ್ಟೇ ಬಾಯಾರಿದರೂ ಸಮುದ್ರದ ನೀರು ಕುಡಿಯಬಾರದು.

ಮೂರು, ಕೂಗು. ವಿಎಚ್‌ಎಫ್ ವೈರ್‌ಲೆಸ್‌ನಲ್ಲಿ 16ನೇ ಚಾನೆಲ್ ಅಪಾಯದ ಕರೆಗೆ. ‘ಮೇಡೇ’ ಎಂದು ಮೂರು ಸಲ, ಬೋಟಿನ ಹೆಸರು, ಜಿಪಿಎಸ್ ತೋರಿಸುವ ಅಂಕಿ, ಎಷ್ಟು ಜನ, ಏನಾಗಿದೆ. ಇಷ್ಟೇ. ಆದರೆ ಇದು ತಾಂಡೇಲರಿಗೆ ಮಾತ್ರ ಗೊತ್ತಿದ್ದರೆ ಏನು ಪ್ರಯೋಜನ? ನೀರಿಗೆ ಬಿದ್ದವರು ತಾಂಡೇಲರೇ ಆಗಿದ್ದರೆ? ಒಂದು ಬೋಟಿನಲ್ಲಿ ಕನಿಷ್ಠ ಮೂವರಿಗೆ ಜಿಪಿಎಸ್ ಅಂಕಿ ಓದಿ ಹೇಳಲು ಬರಬೇಕು. ಇಸ್ರೋ ರೂಪಿಸಿದ ಅಪಾಯದ ಸಂಕೇತ ಯಂತ್ರವೂ ಇದೆ. ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ಕೋಸ್ಟ್‌ಗಾರ್ಡ್‌ಗೆ ಸುದ್ದಿ ಹೋಗುತ್ತದೆ. ಗುಂಡಿ ಯಾವುದು ಎಂದು ಅಡುಗೆ ಮಾಡುವ ಹುಡುಗನಿಗೂ ಗೊತ್ತಿರಬೇಕು.

ನಾಲ್ಕು, ಬಿದ್ದವನನ್ನು ಎತ್ತುವುದು. ಕಂಡವನು ಜೋರಾಗಿ ಕೂಗಬೇಕು, ಬಿದ್ದವನ ಮೇಲಿನ ಕಣ್ಣು ತೆಗೆಯದೆ ಕೈ ತೋರಿಸುತ್ತಲೇ ಇರಬೇಕು. ಇನ್ನೊಬ್ಬ ಲೈಫ್‌ಬಾಯ್ ಎಸೆಯಬೇಕು. ತಾಂಡೇಲರು ಫ್ಯಾನಿಗೆ ಸಿಕ್ಕದ ಹಾಗೆ ಬೋಟು ತಿರುಗಿಸಬೇಕು. ಹಿಂದೆಮುಂದೆ ನೋಡದೆ ಹಾರಿದರೆ ಒಂದು ಜೀವದ ಜಾಗದಲ್ಲಿ ಎರಡು ಹೋಗುತ್ತದೆ.

ಐದು, ಮೀನಿನ ಸ್ಟೋರೇಜಿನ ಗಾಳಿ. ಕೊಳೆತ ಮೀನಿನಿಂದ ಹೊರಡುವ ಹೈಡ್ರೋಜನ್ ಸಲ್ಫೈಡ್ ವಿಷಾನಿಲ. ಮೊದಲು ಕೊಳೆತ ಮೊಟ್ಟೆಯ ವಾಸನೆ, ಪ್ರಮಾಣ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ಬಳಿಯ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯ ತೊಟ್ಟಿಯಲ್ಲಿ ಬಂಗಾಳದ ಐವರು ಕಾರ್ಮಿಕರು ಸತ್ತರು. ಒಬ್ಬ ಬಿದ್ದ, ಅವನನ್ನು ಎತ್ತಲು ಉಳಿದವರು ಇಳಿದರು. ಬೋಟಿನ ಸ್ಟೋರೇಜಿನಲ್ಲೂ ಇದೇ ಅಪಾಯ. ಮುಚ್ಚಳ ತೆಗೆದು ಗಾಳಿಯಾಡಿಸದೆ ಇಳಿಯಬಾರದು. ಒಳಗೆ ಒಬ್ಬ ಕುಸಿದರೆ ಹಿಂದೆಯೇ ಇಳಿಯಬಾರದು.

ಆರು, ಬೆಂಕಿ. ಎಂಜಿನ್ ಕೋಣೆಯಲ್ಲಿ ಡೀಸೆಲ್, ಕ್ಯಾಬಿನ್‌ನಲ್ಲಿ ಗ್ಯಾಸ್ ಸಿಲಿಂಡರ್. ಡೀಸೆಲ್ ಬೆಂಕಿಗೆ ನೀರು ಸುರಿದರೆ ಬೆಂಕಿ ಹರಡುತ್ತದೆ. ಗ್ಯಾಸ್ ಬಂದ್ ಮಾಡುವುದು, ಬೆಂಕಿ ಆರಿಸುವ ಸಿಲಿಂಡರಿನ ಪಿನ್ ಎಳೆಯುವುದು, ಒಮ್ಮೆ ಕೈಯಾರೆ ಮಾಡಿಸಿ.

ಏಳು, ಎತ್ತಿದ ಮೇಲೆ. ಮುಳುಗಿದವನ ಹೊಟ್ಟೆ ಅದುಮಿ ನೀರು ತೆಗೆಯುವುದು, ಕಾಲು ಹಿಡಿದು ತಲೆಕೆಳಗೆ ಮಾಡುವುದು ನಮ್ಮಲ್ಲಿ ಇನ್ನೂ ಇದೆ. ಅದು ತಪ್ಪು, ಹೊತ್ತು ಹಾಳು. ಉಸಿರು ನಿಂತಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡುವುದು, ಎದೆ ಒತ್ತುವುದು, ಇವೇ ಅವನಿಗೆ ಬೇಕಾದದ್ದು. ಇದನ್ನು ಗೊಂಬೆಯ ಮೇಲೆ ಅಭ್ಯಾಸ ಮಾಡಿಸದೆ ಬಾಯಲ್ಲಿ ಹೇಳಿದರೆ ಯಾರಿಗೂ ಬರುವುದಿಲ್ಲ.

ನಾಡದೋಣಿಯವರನ್ನೂ ಮರೆಯಬೇಡಿ. ಮಳೆಗಾಲದಲ್ಲಿ ಯಾಂತ್ರಿಕ ಬೋಟುಗಳು ದಡದಲ್ಲಿದ್ದಾಗ ಅಳಿವೆಯ ಅಲೆ ದಾಟುವವರು ಅವರು. ಅವರ ದೋಣಿ ಮಗುಚುವುದು ದಡದಿಂದ ಕಾಣುವಷ್ಟು ದೂರದಲ್ಲಿ. ನೋಡುತ್ತಾ ನಿಂತವರ ಕಣ್ಣೆದುರೇ ಜೀವ ಹೋಗುತ್ತದೆ. ಅವರು ಜಾಕೆಟ್ ಹಾಕಿಕೊಂಡೇ ಅಳಿವೆ ದಾಟಬೇಕು, ಪಕ್ಕದಲ್ಲಿ ಇಟ್ಟುಕೊಂಡು ಅಲ್ಲ.

ನೀವು ಹೇಳುವ ಮಾತುಗಳು ನನಗೆ ಗೊತ್ತು

‘ನಾವು ಕಡಲ ಮಕ್ಕಳು, ನಮಗೆ ಈಜು ಕಲಿಸುತ್ತೀರಾ?’ ನಿಮಗೆ ಈಜು ಬರುತ್ತದೆ, ಒಪ್ಪಿದೆ. ಆದರೆ ಈಗ ಬೋಟಿನಲ್ಲಿ ಇರುವವರು ಯಾರು? ಜಾರ್ಖಂಡ್, ಛತ್ತೀಸ್‌ಗಢದ ಹುಡುಗರು ಸಮುದ್ರ ನೋಡಿದ್ದೇ ಇಲ್ಲಿಗೆ ಬಂದ ಮೇಲೆ. ಮೇಲಾಗಿ, ತಲೆಗೆ ಪೆಟ್ಟು ಬಿದ್ದರೆ, ಕಾಲಿಗೆ ಬಲೆ ಸುತ್ತಿದರೆ ಈಜುಗಾರನೂ ಮುಳುಗುತ್ತಾನೆ.

‘ಜಾಕೆಟ್ ಹಾಕಿಕೊಂಡು ಕೆಲಸ ಮಾಡಲಾಗುವುದಿಲ್ಲ, ಸೆಕೆ, ಬಲೆಗೆ ಸಿಕ್ಕಿಕೊಳ್ಳುತ್ತದೆ.’ ಇದು ನಿಜವಾದ ಮಾತು. ದಪ್ಪ ಕಿತ್ತಳೆ ಜಾಕೆಟ್ ಕೆಲಸಕ್ಕೆ ಆಗುವಂಥದ್ದಲ್ಲ. ಕೆಲಸ ಮಾಡುವಾಗಲೇ ಹಾಕಿಕೊಳ್ಳಬಹುದಾದ ತೆಳು ಜಾಕೆಟ್‌ಗಳು ಬೇರೆ ಕಡೆ ಇವೆ. ಯಾವುದು ಬೇಕು ಎಂದು ಖರೀದಿಗೆ ಮೊದಲು ಕಲಾಸಿಯನ್ನೇ ಕೇಳಿದವರಿದ್ದಾರಾ? ಹಾಕಿಕೊಳ್ಳುವವನನ್ನು ಕೇಳದೆ ತಂದದ್ದು ತಲೆದಿಂಬೇ ಆಗುತ್ತದೆ.

‘ಒಂದು ದಿನ ಬೋಟು ನಿಂತರೆ ನಷ್ಟ ಯಾರು ಕೊಡುತ್ತಾರೆ?’ ಮಾಲೀಕರ ಸಾಲ, ಡೀಸೆಲ್ ಬೆಲೆ, ಮೀನಿನ ಬರ ಎಲ್ಲ ನನಗೆ ಗೊತ್ತು. ಮಾಲೀಕರನ್ನು ಖಳನಾಯಕ ಮಾಡುವುದು ನನ್ನ ಉದ್ದೇಶವಲ್ಲ. ಎಷ್ಟೋ ಮಾಲೀಕರು ಸ್ವತಃ ಬೋಟಿಗೆ ಹೋಗಿ ಬೆಳೆದವರು. ಆದರೆ ಫ್ಯಾನಿಗೆ ಬಲೆ ಸುತ್ತಿಕೊಂಡರೆ ಒಂದು ದಿನ ನಿಲ್ಲುತ್ತದೆ, ಎಂಜಿನ್ ಕೆಟ್ಟರೆ ಮೂರು ದಿನ ನಿಲ್ಲುತ್ತದೆ. ಜೀವಕ್ಕೆ ವರ್ಷಕ್ಕೆ ಒಂದು ದಿನ ನಿಲ್ಲಬಾರದಾ?

‘ಎಲ್ಲ ಸಮುದ್ರರಾಜನ ಇಚ್ಛೆ.’ ಸಮುದ್ರಪೂಜೆಗೆ ಹಾಲು, ತೆಂಗಿನಕಾಯಿ ಅರ್ಪಿಸುವವರಲ್ಲಿ ನಾನೂ ಒಬ್ಬ. ಆದರೆ ಬೋಟಿಗೆ ಎಂಜಿನ್ ಕೂರಿಸುವಾಗ ನಾವು ದೇವರ ಇಚ್ಛೆಗೆ ಬಿಡುವುದಿಲ್ಲ, ಮೆಕ್ಯಾನಿಕ್ ಕರೆಯುತ್ತೇವೆ. ಮೀನು ಹುಡುಕಲು ಯಂತ್ರ ಇಡುತ್ತೇವೆ. ಜೀವದ ವಿಷಯ ಬಂದಾಗ ಮಾತ್ರ ದೇವರ ನೆನಪಾಗುವುದು ಭಕ್ತಿಯಲ್ಲ, ಉದಾಸೀನ.

ಸರ್ಕಾರಕ್ಕೆ ನಾಲ್ಕು ಮಾತು

2008ರ ಮುಂಬೈ ದಾಳಿಯ ಉಗ್ರರು ‘ಕುಬೇರ್’ ಎಂಬ ಮೀನುಗಾರಿಕಾ ಬೋಟನ್ನು ವಶಪಡಿಸಿಕೊಂಡು ಬಂದರು. ಆ ಬಳಿಕ ಕರಾವಳಿಗೆ ಕಾವಲು ಪೊಲೀಸ್ ಠಾಣೆ ಬಂತು, ಮೀನುಗಾರರಿಗೆ ಗುರುತಿನ ಚೀಟಿ ಬಂತು, ಬೋಟಿಗೆ ಬಣ್ಣದ ನಿಯಮ ಬಂತು. ‘ಸಾಗರ ಕವಚ’ ಎಂಬ ಅಣಕು ಕಾರ್ಯಾಚರಣೆ ನಡೆಯುತ್ತಲೇ ಇರುತ್ತದೆ. ನಾನೇ ಎಷ್ಟು ಸಲ ವರದಿ ಮಾಡಿದ್ದೇನೆ. ಪೊಲೀಸರು, ಕೋಸ್ಟ್‌ಗಾರ್ಡ್, ಇಲಾಖೆಗಳು ಎಲ್ಲ ಸೇರಿ ಎರಡು ದಿನ ಕಡಲು ಜಾಲಾಡುತ್ತಾರೆ. ಒಳ್ಳೆಯದೇ. ಆದರೆ ಬಂದರೂ ಬರಬಹುದಾದ ಉಗ್ರನಿಗಾಗಿ ಅಣಕು ಕಾರ್ಯಾಚರಣೆ ಮಾಡಲು ಆಗುತ್ತದೆ, ವರ್ಷವೂ ಮಗುಚುವ ಬೋಟಿಗಾಗಿ ಮಾಡಲು ಆಗುವುದಿಲ್ಲವಾ? ದೇಶ ಕಾಯಲು ಮೀನುಗಾರ ‘ಕಣ್ಣು, ಕಿವಿ’ ಎಂದು ಭಾಷಣದಲ್ಲಿ ಹೊಗಳುತ್ತೀರಿ. ಆ ಕಣ್ಣು ಮುಳುಗುವಾಗ?

ಕೇಂದ್ರದ ಮತ್ಸ್ಯ ಸಂಪದ ಯೋಜನೆಯ ಅಪಘಾತ ವಿಮೆಯಲ್ಲಿ ಮೀನುಗಾರ ಸತ್ತರೆ 5 ಲಕ್ಷ ರೂಪಾಯಿ. ಬೇಕು, ಖಂಡಿತ ಬೇಕು, ಮನೆ ನಡೆಯಬೇಕಲ್ಲ. ಸತ್ತ ಮೇಲೆ ಲಕ್ಷ ಕೊಡುವ ವ್ಯವಸ್ಥೆಯ ಹತ್ತಿರ, ಸಾಯದ ಹಾಗೆ ಮಾಡಲು ಎರಡು ದಿನ ಯಾಕಿಲ್ಲ?

ಹೊಸ ಕಟ್ಟಡ ಬೇಡ. ಪಣಂಬೂರಿನಲ್ಲಿ ಕೋಸ್ಟ್‌ಗಾರ್ಡ್ ಇದೆ. ಮಲ್ಪೆಯಲ್ಲಿ ಕರಾವಳಿ ಕಾವಲು ಪೊಲೀಸ್ ಪಡೆಯ ಕೇಂದ್ರ ಕಚೇರಿ ಇದೆ. ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜು ಇದೆ. ಹಡಗಿನಿಂದ ನಿವೃತ್ತರಾಗಿ ಊರಿಗೆ ಬಂದ ನಾವಿಕರು ಊರೂರಲ್ಲಿ ಇದ್ದಾರೆ. ಇವರನ್ನೆಲ್ಲ ಒಂದು ದಕ್ಕೆಗೆ ತರುವವರು ಬೇಕು, ಅಷ್ಟೇ. ನಮ್ಮ ಬೇಡಿಕೆ ಇವು.

1. ದಿನ ಬದಲಿಸಿ. ಜೂನ್ 1ರಿಂದ ಜುಲೈ 31ರ ನಿಷೇಧದ ಅವಧಿಯಲ್ಲಿ ತರಬೇತಿ ಇಟ್ಟರೆ ಹೊರರಾಜ್ಯದ ಕಲಾಸಿಗಳು ಊರಲ್ಲಿರುತ್ತಾರೆ, ಕುರ್ಚಿ ಮಾತ್ರ ಇರುತ್ತದೆ. ಅವರು ಮರಳಿ ಬಂದು ಮೊದಲ ಸಲ ಬೋಟು ಹತ್ತುವ ಮುನ್ನ ಇಡಿ. ನಡುವೆ ಸೇರಿದವರಿಗೆ ತಿಂಗಳಿಗೊಮ್ಮೆ ದಕ್ಕೆಯಲ್ಲೇ ಇಡಿ.

2. ಭಾಷೆ ಬದಲಿಸಿ. ಕನ್ನಡ, ತುಳು, ಕೊಂಕಣಿಯ ಜೊತೆ ಹಿಂದಿ, ಒಡಿಯಾ, ತೆಲುಗು, ತಮಿಳು ಬೇಕು. ಅಥವಾ ಮಾತೇ ಬೇಡ, ಮಾಡಿ ತೋರಿಸಿ, ಮಾಡಿಸಿ.

3. ಪ್ರತಿ ಕಲಾಸಿಗೆ ಒಂದು ತರಬೇತಿ ಚೀಟಿ. ಅವನು ಬೋಟು ಬದಲಿಸಿದರೂ ಚೀಟಿ ಅವನ ಜೊತೆಗಿರಲಿ. ತರಬೇತಿಯ ದಿನದ ಕೂಲಿ ಸರ್ಕಾರ ಕೊಡಲಿ.

4. ಬೋಟು ಹೊರಡುವ ಮುನ್ನ ಅದರಲ್ಲಿರುವ ಎಲ್ಲರ ಹೆಸರು, ಊರು, ಮನೆಯವರ ಫೋನ್ ನಂಬರ್ ದಡದಲ್ಲಿ ಉಳಿಯಲಿ. ಎಷ್ಟು ಜನ ಇದ್ದರು ಎಂದೇ ಗೊತ್ತಿಲ್ಲದಿದ್ದರೆ ಯಾರನ್ನು ಹುಡುಕುವುದು?

5. ತಾಂಡೇಲರೇ ಗುರುಗಳಾಗಲಿ. ಪ್ರತಿ ಬಂದರಿನಿಂದ ಹತ್ತು ತಾಂಡೇಲರಿಗೆ ಪೂರ್ತಿ ತರಬೇತಿ ಕೊಡಿ. ಅಧಿಕಾರಿ ಹೇಳಿದರೆ ಕೇಳದ ಕಲಾಸಿ ತಾಂಡೇಲರು ಹೇಳಿದರೆ ಕೇಳುತ್ತಾನೆ. ತಿಂಗಳಿಗೊಮ್ಮೆ ಬೋಟಿನಲ್ಲೇ ಹತ್ತು ನಿಮಿಷ ಅಭ್ಯಾಸ ಮಾಡಿಸಲಿ.

6. ತರಬೇತಿಯ ವರದಿಯಲ್ಲಿ ಎಷ್ಟು ಜಾಕೆಟ್ ಹಂಚಿದ್ದೀರಿ ಎಂದು ಬರೆಯಬೇಡಿ. ಎಷ್ಟು ಜನ ನೀರಿಗಿಳಿದರು ಎಂದು ಬರೆಯಿರಿ.

ಇದರಲ್ಲಿ ಯಾವುದಕ್ಕೂ ಕೋಟಿ ಬೇಡ.

ಈ ರಾತ್ರಿ ನೀವು ಮಾಡಬಹುದಾದದ್ದು

ಸರ್ಕಾರ ಮಾಡುವಾಗ ಮಾಡಲಿ. ಇದನ್ನು ಮೊಬೈಲಿನಲ್ಲಿ ಓದುತ್ತಿರುವ ನಿಮ್ಮ ಮನೆಯಲ್ಲಿ ಯಾರಾದರೂ ಬೋಟಿಗೆ ಹೋಗುವವರಿದ್ದರೆ ಇವತ್ತೇ ಕೇಳಿ. ಅಣ್ಣಾ, ಜಾಕೆಟ್ ಎಲ್ಲಿಟ್ಟಿದ್ದೀರಿ? ಕತ್ತಲೆಯಲ್ಲಿ ಕೈಗೆ ಸಿಗುತ್ತದಾ? ವೈರ್‌ಲೆಸ್‌ನಲ್ಲಿ ಏನು ಹೇಳಬೇಕು ಗೊತ್ತಾ? ನಿನ್ನ ಜೊತೆ ಬರುವ ಒಡಿಶಾದ ಹುಡುಗನ ಮನೆಯ ನಂಬರ್ ಯಾರ ಹತ್ತಿರ ಇದೆ? ಉತ್ತರ ಬಾರದಿದ್ದರೆ ಜಗಳ ಆಡಿ. ಹೆಂಡತಿ, ಅಕ್ಕ, ಅಮ್ಮ ಆಡಿದ ಜಗಳಕ್ಕೆ ಸುತ್ತೋಲೆಗಿಂತ ಹೆಚ್ಚು ಬಲ ಇದೆ.

ಎರಡು ನಂಬರ್ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಕೋಸ್ಟ್‌ಗಾರ್ಡ್ 1554. ಕರಾವಳಿ ಕಾವಲು ಪೊಲೀಸ್ 1093. ಬೋಟು ಹೇಳಿದ ಹೊತ್ತಿಗೆ ಬಾರದಿದ್ದರೆ ನಾಳೆ ನೋಡೋಣ ಎಂದು ಕೂರಬೇಡಿ, ಕರೆ ಮಾಡಿ.

ಆ ಐಸ್ ತುಂಬಿಸುತ್ತಿದ್ದ ಹುಡುಗ ಆಮೇಲೆ ಏನಾದ ಎಂದು ಕೆಲವರು ಕೇಳಬಹುದು. ಹತ್ತು ದಿನದ ಬಳಿಕ ಬೋಟು ಬಂತು, ಅವನೂ ಬಂದ. ದಕ್ಕೆಯಲ್ಲಿ ನನ್ನನ್ನು ಗುರುತಿಸಿ ಕೈ ಬೀಸಿದ. ಏನೂ ಆಗಿರಲಿಲ್ಲ. ಹೆಚ್ಚಿನ ಸಲ ಏನೂ ಆಗುವುದಿಲ್ಲ. ಅದಕ್ಕೇ ನಾವು ಇಷ್ಟು ವರ್ಷ ಸುಮ್ಮನಿದ್ದೇವೆ.

ಮುಂದಿನ ಸಲ ಇಂಥ ಕಾರ್ಯಕ್ರಮಕ್ಕೆ ಕರೆ ಬಂದರೆ ನಾನು ಹೋಗುತ್ತೇನೆ. ಮೂರೇ ಪ್ರಶ್ನೆ ಕೇಳುತ್ತೇನೆ. ಇಲ್ಲಿ ಕಲಾಸಿಗಳು ಎಷ್ಟು ಜನ ಇದ್ದಾರೆ? ಅವರ ಭಾಷೆಯಲ್ಲಿ ಮಾತಾಡುವವರು ಯಾರು? ಇವತ್ತು ಎಷ್ಟು ಜನರ ಬಟ್ಟೆ ಒದ್ದೆಯಾಗುತ್ತದೆ? ಸಿಕ್ಕ ಉತ್ತರವನ್ನೇ ತಲೆಬರಹ ಮಾಡುತ್ತೇನೆ. ಪತ್ರಿಕೆ ಹಾಕದಿದ್ದರೆ ಇಲ್ಲಿ ಹಾಕುತ್ತೇನೆ. ನಿಮ್ಮ ಬಂದರಿನಲ್ಲಿ ತರಬೇತಿ ನಡೆದರೆ ನೀವೂ ಹೋಗಿ, ಇದೇ ಮೂರು ಪ್ರಶ್ನೆ ಕೇಳಿ.